ನೈಜೀರಿಯಾದಿಂದ ಹೊರಡುವವರ ವೀಸಾ ಅರ್ಜಿ: ಯಾವ ಕಾಗದ ಮೊದಲು, ಯಾವುದು ಕೊನೆಗೆ

ನಿಮ್ಮ ಕ್ಲಾಸಿನಲ್ಲೋ ಆಫೀಸಿನಲ್ಲೋ ನೈಜೀರಿಯಾದವರು ಯಾರಾದರೂ ಇದ್ದರೆ ‘ಜಾಪಾ’ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ದೇಶ ಬಿಟ್ಟು ಬೇರೆ ಕಡೆ ಹೋಗಿ ನೆಲೆ ನಿಲ್ಲುವುದಕ್ಕೆ ಅಲ್ಲಿನ ಹುಡುಗ ಹುಡುಗಿಯರು ಹೇಳುವ ಮಾತು ಅದು. ಲಾಗೋಸ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರನ್ನು, ಬೆಂಗಳೂರಿನ ಕಾಲೇಜುಗಳಲ್ಲಿ ಅವರ ಜೊತೆ ಓದುವವರನ್ನು ‘ಈ ಅರ್ಜಿ ಒಂದು ಸಲ ನೋಡಿಕೊಡಿ’ ಎಂದು ಅವರು ಕೇಳುವುದುಂಟು. ಆಗ ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅಂತ ತಿಳಿಸುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬ್ರಿಟನ್ನಿಗೆ ಓದಲು ಹೋಗುವ ದಾರಿಯನ್ನೇ ಜಾಸ್ತಿ ವಿವರಿಸಿದ್ದೇನೆ, ಕೆನಡಾ ವಿಷಯ ಸ್ವಲ್ಪ ಚಿಕ್ಕದಾಗಿ ಬರುತ್ತದೆ. ಇಲ್ಲಿರುವ ಮೊತ್ತಗಳು 2025ರ ಕೊನೆಯ ಹೊತ್ತಿನವು. ಅರ್ಜಿ ಹಾಕುವ ದಿನ ಆಯಾ ಸರ್ಕಾರದ ವೆಬ್‌ಸೈಟಿನಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಶುರುವಿನಲ್ಲೇ ಒಂದು ಮಾತು. ಪ್ರತಿ ಕಾಗದಕ್ಕೂ ಎರಡು ಲೆಕ್ಕ ಇರುತ್ತದೆ: ಕೈಗೆ ಬರಲು ಎಷ್ಟು ದಿನ ಬೇಕು, ಬಂದ ಮೇಲೆ ಎಷ್ಟು ದಿನ ನಡೆಯುತ್ತದೆ. ಪಾಸ್‌ಪೋರ್ಟ್, ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ಬಗ್ಗೆ ವಿಶ್ವವಿದ್ಯಾಲಯ ಕೊಡುವ ಪೂರ್ತಿ ದಾಖಲೆ) ಇವೆಲ್ಲ ಬರುವುದು ನಿಧಾನ, ಆದರೆ ಬಂದ ಮೇಲೆ ವರ್ಷಗಟ್ಟಲೆ ನಡೆಯುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ದಿನದಲ್ಲಿ ಸಿಗುತ್ತದೆ, ತಿಂಗಳಾಗುವಷ್ಟರಲ್ಲಿ ಹಳತಾಗುತ್ತದೆ. ನಿಧಾನದ್ದನ್ನು ಮೊದಲು ಹಿಡಿಯಿರಿ, ಬೇಗ ಹಳತಾಗುವುದನ್ನು ಕೊನೆಗೆ ಇಟ್ಟುಕೊಳ್ಳಿ. ಬಹಳ ಜನ ಉತ್ಸಾಹದಲ್ಲಿ ಬ್ರಿಟನ್ ವೀಸಾಕ್ಕೆ ಬೇಕಾದ ಟಿಬಿ (ಕ್ಷಯ) ಟೆಸ್ಟ್ ಮೊದಲೇ ಮಾಡಿಸಿಬಿಡುತ್ತಾರೆ, ಆಮೇಲೆ ಟ್ರಾನ್ಸ್‌ಕ್ರಿಪ್ಟ್‌ಗೆ ಕಾಯುತ್ತಾ ಕೂರುತ್ತಾರೆ, ಅದು ಬರುವಷ್ಟರಲ್ಲಿ ಟೆಸ್ಟಿನ ಅವಧಿ ಮುಗಿದು ಮತ್ತೆ ದುಡ್ಡು ಕಟ್ಟಬೇಕಾಗುತ್ತದೆ.

ಮೊದಲ ಹೆಜ್ಜೆ: ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್

ನೈಜೀರಿಯಾದಲ್ಲಿ ಈಗ ಎಲ್ಲದಕ್ಕೂ ಬುಡ ‘ನಿನ್’, ಅಂದರೆ 11 ಅಂಕಿಗಳ ರಾಷ್ಟ್ರೀಯ ಗುರುತಿನ ಸಂಖ್ಯೆ. ಅದಿಲ್ಲದೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿರುವ ಹೆಸರು, ಹುಟ್ಟಿದ ದಿನ ಎರಡೂ ನಿನ್ ದಾಖಲೆಗೆ ಸರಿಹೊಂದಬೇಕು. ಹಾಗಾಗಿ ಪಾಸ್‌ಪೋರ್ಟ್ ಫೀಸು ಕಟ್ಟುವ ಮೊದಲೇ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿ. ಇದಕ್ಕೆ ಒಂದು ಸಂಜೆ ಸಾಕು.

ಒಂದು ಉದಾಹರಣೆ ನೋಡೋಣ. ಇಗ್ಬೊ ಜನಾಂಗದ ಮನೆಯ ಹುಡುಗನೊಬ್ಬ. ಅವನ ಪೂರ್ತಿ ಹೆಸರು ಚುಕ್ವುಎಮೆಕಾ, ಮನೆಯಲ್ಲಿ ಕರೆಯುವುದು ಎಮೆಕಾ. ಶಾಲೆಯ ಕೊನೆಯ ಪರೀಕ್ಷೆ, ಅಂದರೆ ವಾಯೆಕ್ ಸರ್ಟಿಫಿಕೇಟಿನಲ್ಲಿ ಎಮೆಕಾ ಅಂತ ಇದೆ. ಡಿಗ್ರಿಯಲ್ಲಿ ಪೂರ್ತಿ ಹೆಸರು ಇದೆ. ನಿನ್ ಚೀಟಿಯಲ್ಲಿ ಮನೆತನದ ಹೆಸರು ಮೊದಲು ಬಂದು, ನಡುವಿನ ಇಂಗ್ಲಿಷ್ ಹೆಸರು ಬಿಟ್ಟುಹೋಗಿದೆ. ಬ್ಯಾಂಕಿನಲ್ಲಿ ಆ ಇಂಗ್ಲಿಷ್ ಹೆಸರೇ ಮುಂದಿದೆ. ಊರಲ್ಲಿ ಇದು ಯಾರಿಗೂ ತೊಂದರೆ ಕೊಟ್ಟಿಲ್ಲ, ಎಲ್ಲರಿಗೂ ಅವನು ಒಬ್ಬನೇ ಅಂತ ಗೊತ್ತು. ಆದರೆ ಎಲ್ಲೋ ದೂರದಲ್ಲಿ ಕೂತು ಫೈಲು ತೆರೆಯುವ ಅಧಿಕಾರಿಗೆ ಇವರು ನಾಲ್ವರು ಬೇರೆ ಬೇರೆ ಜನರ ಹಾಗೆ ಕಾಣಿಸಬಹುದು.

ಇದನ್ನು ಸರಿ ಮಾಡುವ ದಾರಿ ಇದೆ. ಹೆಸರು ಬದಲಾಗಿದ್ದರೆ ಹೈಕೋರ್ಟಿನಲ್ಲಿ ಪ್ರಮಾಣ ಪತ್ರ ಮಾಡಿಸಿ, ಪತ್ರಿಕೆಯಲ್ಲಿ ಹೆಸರು ಬದಲಾವಣೆಯ ಪ್ರಕಟಣೆ ಕೊಟ್ಟು, ಆ ಎರಡನ್ನೂ ಇಟ್ಟುಕೊಂಡು ನಿನ್ ದಾಖಲೆ ತಿದ್ದಿಸಬೇಕು. ಹುಟ್ಟಿದ ದಿನ ತಪ್ಪಿದ್ದರೆ ರಾಷ್ಟ್ರೀಯ ಜನಸಂಖ್ಯಾ ಆಯೋಗದ ಜನನ ಪತ್ರ ಬೇಕು. ಮದುವೆಯಾದ ಹೆಣ್ಣುಮಕ್ಕಳು ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು. ಡಿಗ್ರಿ ತವರುಮನೆಯ ಹೆಸರಲ್ಲಿ, ಪಾಸ್‌ಪೋರ್ಟ್ ಗಂಡನ ಮನೆಯ ಹೆಸರಲ್ಲಿ ಇರುತ್ತದೆ, ಅಲ್ವಾ? ಮದುವೆಯ ಸರ್ಟಿಫಿಕೇಟ್ ಎರಡನ್ನೂ ಜೋಡಿಸುತ್ತದೆ, ಅದನ್ನು ಫೈಲಿನಲ್ಲಿ ಸೇರಿಸಲು ಮರೆಯಬೇಡಿ.

ಇಷ್ಟಾದ ಮೇಲೆ ಪಾಸ್‌ಪೋರ್ಟ್. 2025ರ ಸೆಪ್ಟೆಂಬರ್‌ನಿಂದ 32 ಪುಟಗಳ 5 ವರ್ಷದ ಪುಸ್ತಕಕ್ಕೆ 1 ಲಕ್ಷ ನೈರಾ, 64 ಪುಟಗಳ 10 ವರ್ಷದ್ದಕ್ಕೆ 2 ಲಕ್ಷ ನೈರಾ. ಅರ್ಜಿ, ಹಣ ಕಟ್ಟುವುದು ಎರಡೂ ವಲಸೆ ಇಲಾಖೆಯ ವೆಬ್‌ಸೈಟಿನಲ್ಲೇ ಆಗುತ್ತದೆ, ಬೆರಳಚ್ಚು ಕೊಡಲು ಮಾತ್ರ ಕಚೇರಿಗೆ ಹೋಗಬೇಕು. ಹಳೆಯ ಪಾಸ್‌ಪೋರ್ಟಿನಲ್ಲಿ ಇನ್ನು ಕೆಲವೇ ತಿಂಗಳು ಉಳಿದಿದ್ದರೆ ಈಗಲೇ ನವೀಕರಿಸಿಕೊಳ್ಳಿ. ಅರ್ಜಿ ಹಾಕಿದ ಮೇಲೆ ಪಾಸ್‌ಪೋರ್ಟ್ ನಂಬರ್ ಬದಲಾದರೆ ಸುಮ್ನೆ ತಲೆನೋವು.

ಟ್ರಾನ್ಸ್‌ಕ್ರಿಪ್ಟ್‌ಗೆ ಇವತ್ತೇ ಅರ್ಜಿ ಹಾಕಿ

ದೇಶ, ಕೋರ್ಸು ಯಾವುದೂ ಗೊತ್ತಾಗದಿದ್ದರೂ ಪರವಾಗಿಲ್ಲ, ಓದಿದ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಕ್ರಿಪ್ಟ್‌ಗಾಗಿ ಬರೆಯಿರಿ. ಹಳೆಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಕೈಕಟ್ಟಿ ಕೂತರೆ ಸಾಲದು, ವಿಭಾಗದಲ್ಲೋ ಪರೀಕ್ಷಾ ಕಚೇರಿಯಲ್ಲೋ ಯಾರಾದರೂ ಹೋಗಿ ವಿಚಾರಿಸುತ್ತಿದ್ದರೆ ಬೇಗ ಆಗುತ್ತದೆ. ಕೆನಡಾಕ್ಕೆ ವೆಸ್, ಅಂದರೆ ಹೊರದೇಶದ ಡಿಗ್ರಿ ಅಲ್ಲಿನ ಯಾವ ಡಿಗ್ರಿಗೆ ಸಮ ಅಂತ ನೋಡಿ ಹೇಳುವ ಸಂಸ್ಥೆಯ ಮೌಲ್ಯಮಾಪನ ಬೇಕಾದಾಗ ವಿಶ್ವವಿದ್ಯಾಲಯವೇ ನೇರವಾಗಿ ಅವರಿಗೆ ಕಳಿಸಬೇಕು. ಅರ್ಜಿದಾರರ ಕೈಯಲ್ಲಿರುವ ಪ್ರತಿ ಆ ಕೆಲಸಕ್ಕೆ ಬರುವುದಿಲ್ಲ.

2022ರಲ್ಲಿ ಓದುತ್ತಿದ್ದವರು ಇನ್ನೊಂದು ವಿಷಯ ಗಮನಿಸಬೇಕು. ಆ ವರ್ಷ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ, ಎಂಟು ತಿಂಗಳು, ಸರ್ಕಾರಿ ವಿಶ್ವವಿದ್ಯಾಲಯಗಳ ಅಧ್ಯಾಪಕರ ಸಂಘ ಮುಷ್ಕರ ಹೂಡಿತ್ತು. ನಾಲ್ಕು ವರ್ಷದ ಕೋರ್ಸು ಐದಾಯಿತು. ಇದರಲ್ಲಿ ವಿದ್ಯಾರ್ಥಿಯ ತಪ್ಪು ಏನೂ ಇಲ್ಲ, ಆದರೆ ಕಾಗದದಲ್ಲಿ ಅದು ಫೇಲಾದ ಹಾಗೆ ಕಾಣುತ್ತದೆ. ಅರ್ಜಿಯ ಜೊತೆಗಿನ ಪತ್ರದಲ್ಲಿ ಎರಡು ಸಾಲಿನಲ್ಲಿ ಇದನ್ನು ಹೇಳಿಬಿಡಿ. ಡಿಗ್ರಿ ಆದ ಮೇಲಿನ ಒಂದು ವರ್ಷ ರಾಷ್ಟ್ರೀಯ ಯುವ ಸೇವೆಯಲ್ಲಿ ಕಳೆದಿದ್ದರೆ ಆ ಸರ್ಟಿಫಿಕೇಟೂ ಇರಲಿ, ಇಲ್ಲದಿದ್ದರೆ ಆ ವರ್ಷ ಏನು ಮಾಡಿದಿರಿ ಎಂಬ ಪ್ರಶ್ನೆ ಬರುತ್ತದೆ.

ಯಾವ ಬಾಗಿಲು ಈಗ ತೆರೆದಿದೆ ಅಂತ ನೋಡಿ

ಎರಡು ಮೂರು ವರ್ಷದ ಹಿಂದೆ ಹೋದವರು ಹೇಳುವ ದಾರಿ ಇವತ್ತು ಮುಚ್ಚಿರಬಹುದು. ಅಣ್ಣ ಹೋದ, ಅಕ್ಕ ಹೋದಳು ಅಂತ ಅದೇ ದಾರಿ ಹಿಡಿಯಬೇಡಿ. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಮಾಮೂಲಿ ಮಾಸ್ಟರ್ಸ್ ಓದುವವರು ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವ ಹಾಗಿಲ್ಲ, ಪಿಎಚ್‌ಡಿಯಂಥ ಸಂಶೋಧನಾ ಕೋರ್ಸಿನವರಿಗೆ, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಓದುವವರಿಗೆ ಮಾತ್ರ ಆ ಅವಕಾಶ. ಸಂಸಾರ ಸಮೇತ ಹೊರಡಲು ಮನೆ ಸಾಮಾನು ಮಾರಲು ಶುರು ಮಾಡಿದವರಿಗೆ ಇದು ಕೊನೆಗೆ ಗೊತ್ತಾದರೆ ಎಷ್ಟು ಸಂಕಟ ಯೋಚಿಸಿ. ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ತೆಗೆದುಕೊಳ್ಳುವುದು 2025ರ ಜುಲೈ 22ಕ್ಕೆ ನಿಂತಿತು. ಅದೇ ದಿನದಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ವರ್ಷದ ಸಂಬಳ ಸಾಮಾನ್ಯವಾಗಿ ಕನಿಷ್ಠ 41,700 ಪೌಂಡ್ ಇರಬೇಕು ಅಂತಾಯಿತು. ಓದು ಮುಗಿಸಿ ಅಲ್ಲೇ ಎರಡು ವರ್ಷ ಇರಲು ಬಿಡುವ ಗ್ರಾಜುಯೇಟ್ ವೀಸಾ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ, ಪಿಎಚ್‌ಡಿ ಮಾಡಿದವರನ್ನು ಬಿಟ್ಟು.

ಅಮೆರಿಕದ ಮಾತು ಬೇಗ ಮುಗಿಸುತ್ತೇನೆ. 2025ರ ಡಿಸೆಂಬರ್‌ನಲ್ಲಿ ಹೊರಟ ಆದೇಶದ ಪ್ರಕಾರ 2026ರ ಜನವರಿ 1ರಿಂದ ನೈಜೀರಿಯಾದವರಿಗೆ ಪ್ರವಾಸಿ ಮತ್ತು ವಿದ್ಯಾರ್ಥಿ ವೀಸಾಗಳ ಮೇಲೂ ತಡೆ ಬಿದ್ದಿದೆ. ಆ ದಾರಿ ಯೋಚಿಸುವವರು ಫೀಸು ಕಟ್ಟುವ ಮೊದಲು ರಾಯಭಾರ ಕಚೇರಿಯ ಪ್ರಕಟಣೆ ಓದಿ.

ನರ್ಸುಗಳು ಇನ್ನೊಂದು ಲೆಕ್ಕ ಹಾಕಿಕೊಳ್ಳಬೇಕು. ಹೊರದೇಶದ ನೋಂದಣಿಗೆ ನೈಜೀರಿಯಾದ ನರ್ಸಿಂಗ್ ಕೌನ್ಸಿಲ್ಲಿನ ದೃಢೀಕರಣ ಬೇಕು, 2024ರಿಂದ ಅದಕ್ಕೆ ಮೊದಲು ಎರಡು ವರ್ಷ ದೇಶದಲ್ಲೇ ಕೆಲಸ ಮಾಡಿರಬೇಕು ಎಂಬ ನಿಯಮ ಬಂದಿದೆ.

ದುಡ್ಡಿನ ಕಾಗದ: ಇಲ್ಲಿ ನಿಧಾನವಾಗಿ ಓದಿ

ಅತಿ ಹೆಚ್ಚು ಕಣ್ಣೀರು ಹರಿಯುವ ಜಾಗ ಇದು. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಮೊದಲ ವರ್ಷದ ಫೀಸಿನಲ್ಲಿ ಬಾಕಿ ಇರುವುದರ ಜೊತೆಗೆ ಖರ್ಚಿನ ದುಡ್ಡನ್ನು ತೋರಿಸಬೇಕು. 2025ರ ನವೆಂಬರ್‌ನಿಂದ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಲಂಡನ್ನಿನ ಹೊರಗೆ 1,171 ಪೌಂಡ್, ಹೆಚ್ಚೆಂದರೆ ಒಂಬತ್ತು ತಿಂಗಳಿಗೆ. ಲಂಡನ್ ಬಿಟ್ಟು ಬೇರೆ ಊರಾದರೆ 10,539 ಪೌಂಡ್ ಆಯಿತು. ಈ ದುಡ್ಡು ಖಾತೆಯಲ್ಲಿ ಸತತ 28 ದಿನ ಇರಬೇಕು, ಆ 28ನೇ ದಿನ ಅರ್ಜಿ ಹಾಕುವ ದಿನದ ಹಿಂದಿನ 31 ದಿನದೊಳಗೆ ಬರಬೇಕು. ನಡುವೆ ಒಂದೇ ಒಂದು ದಿನ, ಯಾರದೋ ಆಸ್ಪತ್ರೆ ಖರ್ಚಿಗೆ ಅಂತ ಸ್ವಲ್ಪ ತೆಗೆದು ಮೊತ್ತ ಕೆಳಗಿಳಿದರೂ ಲೆಕ್ಕ ಮತ್ತೆ ಒಂದರಿಂದ ಶುರು.

ಇದಕ್ಕೆ ನೈರಾದ ಏರಿಳಿತ ಬೇರೆ ಸೇರುತ್ತದೆ. 2023ರ ಜೂನ್‌ಗೆ ಮೊದಲು ಡಾಲರಿಗೆ ಸುಮಾರು 460 ನೈರಾ ಇದ್ದದ್ದು 2024ರಲ್ಲಿ 1,500 ದಾಟಿತು. ಆಗ ಸೀಟು ಸಿಕ್ಕಿ ಬ್ಯಾಗು ಕಟ್ಟಿದ್ದವರ ಉಳಿತಾಯ ಕಣ್ಣೆದುರೇ ಕರಗಿಹೋಯಿತು. ಖಾತೆ ನೈರಾದಲ್ಲಿದ್ದರೆ ಬ್ರಿಟನ್ನಿನವರು ಅರ್ಜಿಯ ದಿನದ ಓಆಂಡಾ ವೆಬ್‌ಸೈಟಿನ ದರದಲ್ಲಿ ಲೆಕ್ಕ ಹಾಕುತ್ತಾರೆ, ಬ್ಯಾಂಕ್ ಮ್ಯಾನೇಜರ್ ಹೇಳಿದ ದರದಲ್ಲಿ ಅಲ್ಲ. ಹಾಗಾಗಿ ಬೇಕಾದಷ್ಟನ್ನೇ ಇಡಬೇಡಿ, ದರ ಜಾರಿದರೂ ತಾಳುವಷ್ಟು ಮೇಲೆ ಇಡಿ. ಆದರೆ ಡೊಮಿಸಿಲಿಯರಿ ಖಾತೆ, ಅಂದರೆ ಅಲ್ಲಿನ ಬ್ಯಾಂಕಿನಲ್ಲೇ ತೆರೆಯುವ ವಿದೇಶಿ ಹಣದ ಖಾತೆ, ಪೌಂಡ್‌ನಲ್ಲಿದ್ದರೆ ಈ ಭಯವೇ ಇಲ್ಲ. ಫೀಸು ಕಟ್ಟುವುದಕ್ಕೆ ಬ್ಯಾಂಕಿನ ಮೂಲಕ ‘ಫಾರ್ಮ್ ಎ’ ಹಾಕಿ ವಿದೇಶಿ ಹಣ ಪಡೆಯುವ ದಾರಿಯೂ ಇದೆ. ಅದು ನಿಧಾನ, ಬೇಗ ಶುರು ಮಾಡಿ.

ಯಾರ ಖಾತೆ ಎಂಬುದೂ ಮುಖ್ಯ. ವಿದ್ಯಾರ್ಥಿಯದೇ ಆಗಿರಬಹುದು, ಅಪ್ಪ ಅಮ್ಮನದಾದರೆ ಜನನ ಪತ್ರ ಮತ್ತು ಅವರ ಒಪ್ಪಿಗೆ ಪತ್ರ ಬೇಕು. ನೈಜೀರಿಯಾದಲ್ಲಿ ಮನೆಯ ಹುಡುಗ ಓದಲು ಹೊರಟರೆ ಚಿಕ್ಕಪ್ಪ, ಸೋದರಮಾವ, ದೊಡ್ಡಕ್ಕ ಎಲ್ಲರೂ ಕೈಜೋಡಿಸುತ್ತಾರೆ. ಆದರೆ ಚಿಕ್ಕಪ್ಪನ ಖಾತೆಯ ಸ್ಟೇಟ್‌ಮೆಂಟ್ ಇಲ್ಲಿ ನಡೆಯುವುದಿಲ್ಲ. ಅವರು ಕೊಡುವುದನ್ನು ವಿದ್ಯಾರ್ಥಿಯ ಖಾತೆಗೇ ಹಾಕಿಸಿ, ಆಮೇಲೆ 28 ದಿನ ಎಣಿಸಿ.

ಸ್ಟೇಟ್‌ಮೆಂಟ್ ಕೈಗೆ ಬಂದಾಗ ಅಧಿಕಾರಿ ಓದುವ ಹಾಗೆ ಓದಿ. ಪ್ರತಿ ತಿಂಗಳ ಕೊನೆಯಲ್ಲಿ ಸಂಬಳ ಬಂದಿದೆ, ಬಾಡಿಗೆ ಹೋಗಿದೆ, ಫೋನ್ ರೀಚಾರ್ಜ್ ಹೋಗಿದೆ, ಎಲ್ಲ ಸರಿ. ಒಂದು ಮಂಗಳವಾರ ಇದ್ದಕ್ಕಿದ್ದಂತೆ ದೊಡ್ಡ ಮೊತ್ತ ಬಂದು ಕೂತಿದೆ, ಎದುರಿಗೆ ಬರೀ ‘ಟ್ರಾನ್ಸ್‌ಫರ್’ ಅಂತಿದೆ. ಅಧಿಕಾರಿಯ ಕಣ್ಣು ಅಲ್ಲೇ ನಿಲ್ಲುತ್ತದೆ, ಕೆನಡಾದವರಂತೂ ಇದನ್ನು ಬಿಡುವುದೇ ಇಲ್ಲ. ಆ ದುಡ್ಡು ಅಜೋದಿಂದ ಬಂದಿರಬಹುದು. ನಮ್ಮಲ್ಲಿ ಚೀಟಿ ಹಾಕುವ ಹಾಗೆಯೇ ಅಲ್ಲಿ ಅಜೋ, ಎಸುಸು ಅಂತ ಸೇರಿ ಹಾಕುತ್ತಾರೆ, ಸರದಿ ಬಂದಾಗ ಒಟ್ಟಿಗೆ ಸಿಗುತ್ತದೆ. ಪೂರ್ತಿ ನ್ಯಾಯವಾದ ದುಡ್ಡು. ಹಾಗಿದ್ದರೆ ಗುಂಪಿನಿಂದ ಒಂದು ಪತ್ರ, ತಿಂಗಳ ಕಂತು ಹೋಗಿರುವ ದಾಖಲೆ ಸೇರಿಸಿ. ಜಮೀನು ಮಾರಿದ್ದರೆ ಕ್ರಯಪತ್ರ ಕೊಡಿ.

ಇನ್ನು ಬಾಡಿಗೆ ದುಡ್ಡು. ಸ್ವಲ್ಪ ಬಡ್ಡಿ ತೆಗೆದುಕೊಂಡು ಒಂದೆರಡು ತಿಂಗಳು ಖಾತೆಯಲ್ಲಿ ದೊಡ್ಡ ಮೊತ್ತ ಇಟ್ಟು ವಾಪಸ್ ತೆಗೆದುಕೊಳ್ಳುವವರು ಲಾಗೋಸ್‌ನಲ್ಲಿ ಬಹಳ ಇದ್ದಾರೆ. ದಯವಿಟ್ಟು ಇದಕ್ಕೆ ಕೈ ಹಾಕಬೇಡಿ, ಗೆಳೆಯರು ಕೈ ಹಾಕುತ್ತಿದ್ದರೆ ತಡೆಯಿರಿ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ಕೆಲಸದ ಅನುಭವ ಇರುವವರು ಅಲ್ಲಿ ಖಾಯಂ ನೆಲೆಸಲು ಅರ್ಜಿ ಹಾಕುವ ದಾರಿ, ಅದರ ನಿಯಮದಲ್ಲಿ ಈ ಹಣ ಸಾಲದ್ದಾಗಿರಬಾರದು ಅಂತಲೇ ಬರೆದಿದೆ. ಸುಳ್ಳು ಕಾಗದ ಅಂತ ತೀರ್ಮಾನವಾದರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷದವರೆಗೆ ಬಾಗಿಲು ಮುಚ್ಚಬಹುದು. ಇಪ್ಪತ್ತೈದರ ಹುಡುಗನಿಗೆ ಹತ್ತು ವರ್ಷ ಅಂದರೆ ಸಣ್ಣ ಮಾತಲ್ಲ. ಇನ್ನೊಂದು ಮುಖವೂ ಇದೆ: ಬಾಡಿಗೆ ದುಡ್ಡು ವಾಪಸ್ ಹೋದ ಮೇಲೆ ಆ ಚಳಿ ದೇಶದಲ್ಲಿ ಮೊದಲ ತಿಂಗಳ ಬಾಡಿಗೆಗೆ, ಊಟಕ್ಕೆ ಏನು ಮಾಡುತ್ತಾರೆ?

ಕ್ಯಾಸ್ ಬಂತು, ಈಗ ಓಡಬೇಕು

ವಿಶ್ವವಿದ್ಯಾಲಯ ಕೊಡುವ ಒಪ್ಪಿಗೆಯ ಸಂಖ್ಯೆಗೆ ಕ್ಯಾಸ್ ಅನ್ನುತ್ತಾರೆ. ವಾಯೆಕ್ ಪರೀಕ್ಷೆಯ ಇಂಗ್ಲಿಷಿನಲ್ಲಿ ಸಿ6 ಅಥವಾ ಮೇಲಿನ ದರ್ಜೆ ಇದ್ದರೆ ಬಹಳಷ್ಟು ಬ್ರಿಟಿಷ್ ವಿಶ್ವವಿದ್ಯಾಲಯಗಳು ಐಇಎಲ್‌ಟಿಎಸ್ ಕೇಳುವುದಿಲ್ಲ, ಹಾಗಾಗಿ ಪರೀಕ್ಷೆಗೆ ದುಡ್ಡು ಕಟ್ಟುವ ಮೊದಲು ವಿಶ್ವವಿದ್ಯಾಲಯಕ್ಕೆ ಒಂದು ಮೇಲ್ ಹಾಕಿ ಕೇಳಿ.

ಟಿಬಿ ಟೆಸ್ಟ್ ಮಾಡಿಸುವ ಹೊತ್ತು ಇದು. ಅಂತರರಾಷ್ಟ್ರೀಯ ವಲಸೆ ಸಂಸ್ಥೆ, ಅಂದರೆ ಐಓಎಂ ನಡೆಸುವ ಕ್ಲಿನಿಕ್‌ಗಳು ಲಾಗೋಸ್ ಮತ್ತು ಅಬುಜಾದಲ್ಲಿವೆ. ಬೇರೆ ಆಸ್ಪತ್ರೆಯ ಎಕ್ಸ್‌ರೇ ನಡೆಯುವುದಿಲ್ಲ. ಸರ್ಟಿಫಿಕೇಟ್ 6 ತಿಂಗಳು ನಡೆಯುತ್ತದೆ. ಎಕ್ಸ್‌ರೇಯಲ್ಲಿ ಏನಾದರೂ ಅನುಮಾನ ಬಂದರೆ ಕಫ ಪರೀಕ್ಷೆ ಮಾಡುತ್ತಾರೆ, ಅದರ ಫಲಿತಾಂಶಕ್ಕೆ ಎರಡು ತಿಂಗಳವರೆಗೂ ಕಾಯಬೇಕಾಗಬಹುದು. ಹಾಗಾಗಿ ತೀರಾ ಕೊನೆಯ ವಾರಕ್ಕೂ ಬಿಡಬೇಡಿ. ಕೋರ್ಸ್ ಶುರುವಾಗಲು ಮೂರು ನಾಲ್ಕು ತಿಂಗಳಿರುವಾಗ ಮಾಡಿಸಿದರೆ ಸರಿ ಹೋಗುತ್ತದೆ.

ಆನ್‌ಲೈನ್ ಅರ್ಜಿಗೆ 2025ರ ಕೊನೆಯಲ್ಲಿ 524 ಪೌಂಡ್ ಫೀಸು ಇತ್ತು. ಜೊತೆಗೆ ಆರೋಗ್ಯ ಸೇವೆಯ ಶುಲ್ಕ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಮಾಸ್ಟರ್ಸ್‌ಗೆ ವೀಸಾ ಒಂದು ವರ್ಷಕ್ಕಿಂತ ಕೆಲವು ತಿಂಗಳು ಜಾಸ್ತಿ ಸಿಗುವುದರಿಂದ ಅರ್ಧ ವರ್ಷದ ಶುಲ್ಕ ಸೇರಿ 1,164 ಪೌಂಡ್ ಆಗುತ್ತದೆ. ಇದು ಖಾತೆಯಲ್ಲಿ ತೋರಿಸುವ ದುಡ್ಡಿನ ಮೇಲೆ ಬೇರೆಯೇ ಬೇಕಾಗುವ ಹಣ, ಬಹಳ ಮನೆಗಳಲ್ಲಿ ಈ ಲೆಕ್ಕ ಬಿಟ್ಟುಹೋಗಿರುತ್ತದೆ.

ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ನಡುವೆ ವಿಡಿಯೋ ಸಂದರ್ಶನಕ್ಕೆ ಕರೆಯಬಹುದು. ಈ ಕೋರ್ಸೇ ಯಾಕೆ, ಯಾವ ಯಾವ ವಿಷಯ ಓದುತ್ತೀರಿ, ಎಲ್ಲಿ ಇರುತ್ತೀರಿ, ದುಡ್ಡು ಯಾರದು, ಹೀಗೆ ಕೇಳುತ್ತಾರೆ. ಬಾಯಿಪಾಠ ಬೇಡ. ಕೋರ್ಸಿನ ಪುಟ ತೆರೆದು ವಿಷಯಗಳ ಹೆಸರು ಓದಿಕೊಂಡು, ತಾನು ಮಾಡಿದ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಅಂತ ಸ್ವಂತ ಮಾತಲ್ಲಿ ಹೇಳಲು ಬಂದರೆ ಸಾಕು. ಗೆಳೆಯರಾಗಿ ನೀವು ಮಾಡಬಹುದಾದ ಒಳ್ಳೆಯ ಸಹಾಯ ಇದು: ಎದುರು ಕೂತು ಅರ್ಧ ಗಂಟೆ ಪ್ರಶ್ನೆ ಕೇಳಿ.

ಕೆನಡಾಕ್ಕಾದರೆ

ಓದಲು ಹೋಗುವವರ ಕಾಲೇಜು ಕೆನಡಾ ಸರ್ಕಾರದ ಮಾನ್ಯ ಸಂಸ್ಥೆಗಳ ಪಟ್ಟಿಯಲ್ಲಿರಬೇಕು. 2024ರಿಂದ ಬಹುತೇಕರಿಗೆ ಪ್ರಾಂತ್ಯದ ದೃಢೀಕರಣ ಪತ್ರವೂ ಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಮಾಡುವವರಿಗೆ 2026ರ ಜನವರಿಯಿಂದ ಅದು ಬೇಡ. ಒಬ್ಬರ ಖರ್ಚಿಗೆ ತೋರಿಸಬೇಕಾದದ್ದು 2025ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 22,895 ಕೆನಡಾ ಡಾಲರ್, ಕ್ವಿಬೆಕ್ ಬಿಟ್ಟು. ಇದರಲ್ಲಿ ಫೀಸು ಸೇರಿಲ್ಲ. ನೈಜೀರಿಯಾದವರಿಗೆ ಮೊದಲು ಇದ್ದ ಶೀಘ್ರ ದಾರಿ 2024ರ ನವೆಂಬರ್‌ನಲ್ಲಿ ನಿಂತುಹೋಗಿದೆ, ಅದರ ಹೆಸರಲ್ಲಿ ಈಗಲೂ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ವಾಯೆಕ್ ಇಂಗ್ಲಿಷ್ ನಡೆಯುವುದಿಲ್ಲ, ಮಾನ್ಯ ಭಾಷಾ ಪರೀಕ್ಷೆ ಬೇಕೇ ಬೇಕು, ಅದರ ಅಂಕ 2 ವರ್ಷ ನಡೆಯುತ್ತದೆ. ಆಹ್ವಾನ ಬಂದ ಮೇಲೆ ಪೂರ್ತಿ ಅರ್ಜಿ ಹಾಕಲು ಇರುವುದು 60 ದಿನ. ಕಳೆದ 10 ವರ್ಷದಲ್ಲಿ ಸತತ 6 ತಿಂಗಳು ಇದ್ದ ಪ್ರತಿ ದೇಶದಿಂದಲೂ ಪೊಲೀಸ್ ಸರ್ಟಿಫಿಕೇಟ್ ಬೇಕು.

ಬೆಂಗಳೂರಿನಲ್ಲಿ ಓದಿದವರು ಗಮನಿಸಬೇಕಾದದ್ದು ಇಲ್ಲಿಯೇ. ಮೂರು ವರ್ಷ ಇಲ್ಲಿ ಬಿಬಿಎ ಮಾಡಿ ಊರಿಗೆ ಹೋದ ಮೇಲೆ ಭಾರತದ ಪೊಲೀಸ್ ಸರ್ಟಿಫಿಕೇಟಿಗೆ ಅಲ್ಲಿಂದ ಓಡಾಡುವುದು ಕಷ್ಟ, ಹೊರಡುವ ಮೊದಲೇ ಇಲ್ಲಿನ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ ತೆಗೆದಿಟ್ಟುಕೊಳ್ಳಿ, ಪೊಲೀಸ್ ಸರ್ಟಿಫಿಕೇಟಿನ ಬಗ್ಗೆಯೂ ವಿಚಾರಿಸಿಕೊಳ್ಳಿ. ಇಲ್ಲಿಂದಲೇ ಬ್ರಿಟನ್ನಿಗೆ ಅರ್ಜಿ ಹಾಕುವುದಾದರೆ ಟಿಬಿ ಟೆಸ್ಟ್ ಭಾರತದ ಮಾನ್ಯ ಕ್ಲಿನಿಕ್ಕಿನಲ್ಲೇ ಆಗಬೇಕು. ಎಫ್‌ಆರ್‌ಆರ್‌ಓ (ಭಾರತದಲ್ಲಿ ವಿದೇಶಿಯರ ನೋಂದಣಿ ಕಚೇರಿ) ನೋಂದಣಿ, ಭಾರತದ ವೀಸಾ ಎರಡೂ ಚಾಲ್ತಿಯಲ್ಲಿರಲಿ.

ಏಜೆಂಟರ ವಿಷಯ

ಸಹಾಯ ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ಅರ್ಜಿಯ ಇಮೇಲ್, ಪಾಸ್‌ವರ್ಡ್ ಅರ್ಜಿದಾರರದೇ ಆಗಿರಬೇಕು, ಕಳಿಸುವ ಮೊದಲು ಪ್ರತಿ ಪುಟ ಓದಬೇಕು. ಏಜೆಂಟ್ ಸುಳ್ಳು ತುಂಬಿದರೂ ಶಿಕ್ಷೆ ಬೀಳುವುದು ಅರ್ಜಿದಾರರಿಗೆ. ಬ್ರಿಟನ್ನಿನಲ್ಲಿ ಕೆಲಸ ಕೊಡಿಸುತ್ತೇನೆ ಎಂದವರ ಕಂಪನಿಯ ಹೆಸರನ್ನು ಸರ್ಕಾರದ ಪರವಾನಗಿ ಪಡೆದ ಪ್ರಾಯೋಜಕರ ಪಟ್ಟಿಯಲ್ಲಿ ಹುಡುಕಿ, ಅದು ಎಲ್ಲರಿಗೂ ತೆರೆದಿದೆ. ಹೆಸರು ಸಿಕ್ಕರೂ ಅಲ್ಲಿಗೇ ನಿಲ್ಲಬೇಡಿ, ಕಂಪನಿಯ ವೆಬ್‌ಸೈಟಿನಲ್ಲಿರುವ ವಿಳಾಸಕ್ಕೆ ನೀವೇ ಬರೆದು ಕೇಳಿ. ‘ಎಂಬೆಸಿಯಲ್ಲಿ ನಮ್ಮವರಿದ್ದಾರೆ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಬೇಡ ಅಂತ ಉತ್ತರ ಬಂದರೆ

ಅದೇ ರಾತ್ರಿ ಮತ್ತೆ ಅರ್ಜಿ ಹಾಕಬೇಡಿ. ಪತ್ರವನ್ನು ಎರಡು ಸಲ ಓದಿ ಕಾರಣ ಗುರುತು ಮಾಡಿ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಅಧಿಕಾರಿಯದೇ ತಪ್ಪು ಅನಿಸಿದರೆ 28 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ಕೆನಡಾದ ಪತ್ರದಲ್ಲಿ ಬರೆದಿರುವುದು ಬಹಳ ಕಡಿಮೆ ಇರಬಹುದು, ನಿಜವಾದ ಕಾರಣ ಅಧಿಕಾರಿಯ ಟಿಪ್ಪಣಿಯಲ್ಲಿ ಇರುತ್ತದೆ. 2025ರ ಜುಲೈ ಕೊನೆಯಿಂದ ಕೆಲವು ಪತ್ರಗಳ ಜೊತೆಗೇ ಆ ಟಿಪ್ಪಣಿ ಬರುತ್ತದೆ, ಬಂದಿಲ್ಲದಿದ್ದರೆ ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅದನ್ನು ತರಿಸಿಕೊಳ್ಳಬಹುದು, 5 ಡಾಲರ್ ಖರ್ಚು, ಅರ್ಜಿ ಹಾಕುವವರು ಕೆನಡಾದಲ್ಲಿ ಇರಬೇಕು. ಅಲ್ಲಿರುವ ಪರಿಚಯದವರಿಗೆ ಒಪ್ಪಿಗೆ ಪತ್ರ ಕೊಟ್ಟು ಮಾಡಿಸಬಹುದು. ಮುಂದಿನ ಯಾವುದೇ ದೇಶದ ಅರ್ಜಿಯಲ್ಲಿ ‘ಹಿಂದೆ ವೀಸಾ ನಿರಾಕರಣೆ ಆಗಿದೆಯಾ’ ಎಂದು ಕೇಳಿದರೆ ಹೌದು ಎಂದೇ ಬರೆಯಿರಿ. ನಿರಾಕರಣೆ ಆಗಿದ್ದರೂ ಮತ್ತೆ ವೀಸಾ ಸಿಗುತ್ತದೆ, ಮುಚ್ಚಿಟ್ಟರೆ ಸುಳ್ಳು ಹೇಳಿದ ಲೆಕ್ಕ.

ವೀಸಾ ಬಂದ ಮೇಲೆ

ಬ್ರಿಟನ್ನಿಗೆ ಈಗ ಹೆಚ್ಚಿನವರಿಗೆ ಇ-ವೀಸಾ. ಹೊರಡುವ ಮೊದಲೇ ಆನ್‌ಲೈನ್ ಖಾತೆ ತೆರೆದು ಹೆಸರು, ಪಾಸ್‌ಪೋರ್ಟ್ ನಂಬರ್, ವೀಸಾದ ದಿನಾಂಕ ಮೂರನ್ನೂ ನೋಡಿ. ತಪ್ಪಿದ್ದರೆ ಊರಲ್ಲಿರುವಾಗಲೇ ತಿದ್ದಿಸಿ. ಕ್ಯಾಸ್ ಪತ್ರ, ಟಿಬಿ ಸರ್ಟಿಫಿಕೇಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಇರುವ ಮನೆಯ ವಿಳಾಸ ಇವುಗಳ ಪ್ರಿಂಟ್ ಕೈಚೀಲದಲ್ಲಿರಲಿ, ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಮೂಲ ಸರ್ಟಿಫಿಕೇಟುಗಳನ್ನು ಸ್ಕ್ಯಾನ್ ಮಾಡಿ ಒಂದು ಪ್ರತಿಯನ್ನು ಮನೆಯವರ ಹತ್ತಿರ ಬಿಟ್ಟು ಹೋಗಿ.